ನಾಣ್ಯ ಹೇಳುವ ಸಾಕ್ಷ್ಯ

ತುಂಗಭದ್ರೆಯ ದಡದ ಸಿರುಗುಪ್ಪ, ಬೆಟ್ಟದ ಬುಡದ ಕುರುಗೋಡು, ಕೋಟೆಯ ನಗರವಾದ ಬಳ್ಳಾರಿ - ಇವುಗಳ ಸುತ್ತಣ ಸೀಮೆ ಪ್ರಾಚೀನ ಕಾಲದಲ್ಲಿ ಶಾತವಾಹನರ ಆಳ್ವಿಕೆಗೆ ಒಳಪಟ್ಟಿತ್ತು. ಹಿಂದೆ ಬಳ್ಳಾರಿ ಜಿಲ್ಲೆಯಲ್ಲಿದ್ದು ಈಗ ಆಂಧ್ರಪ್ರದೇಶಕ್ಕೆ ಸೇರಿರುವ ಮ್ಯಾಕದೋನಿಯ ಶಾಸನವು ಇದನ್ನು ‘ಸಾತವಾಹನಿಹಾರ’ ಎಂದು ಕರೆದಿದೆ. ಶಾತವಾಹನರ ಕಾಲದಲ್ಲಿ ರೋಮ್ ಸಾಮ್ರಾಜ್ಯದ ವರ್ತಕರು ಹಡಗುಗಳಲ್ಲಿ ಪಶ್ಚಿಮ ಕರಾವಳಿಗೆ ಬಂದು, ಮೆಣಸನ್ನೂ ಬಟ್ಟೆಯನ್ನೂ ಕೊಂಡು, ಚಿನ್ನಬೆಳ್ಳಿಯ ನಾಣ್ಯಗಳನ್ನು ತೆರುತ್ತಿದ್ದರು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ದೊರೆತ ಬೆಳ್ಳಿಯ ನಾಣ್ಯಗಳೂ ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ದೊರೆತವೂ ಇದಕ್ಕೆ ಸಾಕ್ಷಿ. ಹಾನಗಲ್ಲು ತಾಲ್ಲೂಕಿನ ಅಕ್ಕಿಆಲೂರಿನಲ್ಲಿ ಅನಂತರದ ಕಾಲದ ಚಿನ್ನದ ನಾಣ್ಯಗಳೂ ದೊರೆತಿವೆ.

ಇಂತಹ ನಾಣ್ಯ ಯಾರದೆಂದು ಗುರುತಿಸುವುದು ಹೇಗೆ? ಮೊದಲು ಅದನ್ನು ತೂಗಬೇಕು. ನೀರೊ ಚಕ್ರವರ್ತಿಯು ಕ್ರಿ.ಶ. 64ರ ಸುಮಾರಿಗೆ ಚಿನ್ನದ ನಾಣ್ಯದ ತೂಕವನ್ನು ಸುಮಾರು 7.3 ಗ್ರಾಮಿಗೆ ಇಳಿಸಿದನು; ಅದಕ್ಕಿಂತ ಹಿಂದಿನವು ಹೆಚ್ಚು ಭಾರವಾಗಿದ್ದವು. ಬಳಿಕ ಮುಖಚಿತ್ರವನ್ನು ನೋಡಿ, ಅದರ ಸುತ್ತಲಿನ ಲ್ಯಾಟಿನ್ ಅಕ್ಷರಗಳನ್ನು ಓದಬೇಕು. ಬಿರುದುಗಳನ್ನು ಒಂದೆರಡು ಅಕ್ಷರಗಳಿಗೆ ಮೊಟಕುಗೊಳಿಸಿರುತ್ತಾರೆ. ಅವುಗಳ ನಡುವೆ ಅರಸನ ಹೆಸರಿರುತ್ತದೆ. ರೋಮಿನ ನಾಣ್ಯಗಳನ್ನು ಅನುಕರಿಸಿ ಭಾರತದಲ್ಲಿಯೇ ಮಾಡಿದ ನಾಣ್ಯಗಳೂ ಉಂಟು. ಅವುಗಳಲ್ಲಿ ಎಷ್ಟೋ ಸಲ ಅಕ್ಷರಗಳು ಅರ್ಥವಿಲ್ಲದ ಗೀಟುಗಳಾಗಿರುತ್ತವೆ.

ಅಲ್ಪಕಾಲ ಆಳಿದ ಅರಸನ ನಾಣ್ಯಕ್ಕೆ ವಿಶೇಷ ಬೆಲೆಯಿದೆ. ಒಥೊ ಎಂಬವನು ಕ್ರಿ.ಶ. 69ರ ಜನವರಿಯಲ್ಲಿ ರೋಮಿನ ಗದ್ದುಗೆಯೇರಿ, ಏಪ್ರಿಲಿನಲ್ಲಿ ಯುದ್ಧದಲ್ಲಿ ಸೋತು ಅಳಿದನು. ಅವನ ಮುಖಚಿತ್ರದಲ್ಲಿ ಸಾಲುಸಾಲಾಗಿ ಜೋಡಿಸಿದ ಕೂದಲು ಕಾಣುತ್ತದೆ. ಅವನು ಕೃತಕ ಕೇಶವನ್ನು ಧರಿಸುತ್ತಿದ್ದನೆಂದು ಪ್ರಾಚೀನ ಇತಿಹಾಸಕಾರನೊಬ್ಬನು ಬರೆದಿದ್ದಾನೆ. ನಾಣ್ಯದ ಹಿಂಬದಿಯಲ್ಲಿ ಹಲವೊಮ್ಮೆ ಸ್ತ್ರೀಮೂರ್ತಿಯೊಂದು ನಿಂತಿದ್ದು, ‘ರೋಮಿನ ಜನರ ಕ್ಷೇಮ’ ಎಂಬರ್ಥದ ಬರಹವಿರುತ್ತದೆ. ಪ್ರಜೆಗಳಿಗೆ ಕ್ಷೇಮವನ್ನು ಸಾರಿದ ದೊರೆಗೆ ತನ್ನ ಕ್ಷೇಮವೇ ದೊರೆಯಲಿಲ್ಲ! ಆದರೆ ಆ ನಾಣ್ಯವನ್ನು ಟಂಕಿಸಿದ ಕಾಲವು ಮೂರು ತಿಂಗಳ ಅವಧಿಯೊಳಗೆ ನಿಶ್ಚಯವಾಗುತ್ತದೆ.

ಆದರೂ ಅದು ನೆಲಸೇರಿದ ಕಾಲವನ್ನು ನಾಣ್ಯವೊಂದೇ ಹೇಳಲಾರದು. ಚಿನ್ನವು ತಲೆಮಾರುಗಳ ಕಾಲ ಕೈಯಿಂದ ಕೈಗೆ ಸಾಗುವ ವಸ್ತು. ಒಥೊವಿನ ನಾಣ್ಯವಿರುವ ನಿಧಿ ಕ್ರಿ.ಶ. 69ಕ್ಕಿಂತ ಹಿಂದಿನದಲ್ಲ ಎಂದಷ್ಟೇ ಹೇಳಬಹುದು. ಉಳಿದುದನ್ನು ಜೊತೆಗೆ ಸಿಕ್ಕ ನಾಣ್ಯಗಳು, ಮಡಕೆಯ ಚೂರುಗಳು, ಮಣ್ಣಿನ ಪದರಗಳು ತಿಳಿಸಬೇಕು.

ಆದುದರಿಂದ ಸಿರುಗುಪ್ಪದ ಗದ್ದೆಯಲ್ಲಾಗಲಿ ಕುರುಗೋಡಿನ ಹೊಲದಲ್ಲಾಗಲಿ ನೇಗಿಲಿಗೆ ಹಳೆಯ ನಾಣ್ಯ ತಗುಲಿದರೆ, ಅದನ್ನು ಉಜ್ಜಿ ತೊಳೆಯಬಾರದು. ಸಿಕ್ಕ ಜಾಗವನ್ನು ಗುರುತುಮಾಡಿ ಅಧಿಕಾರಿಗಳಿಗೆ ತಿಳಿಸಬೇಕು. ಅಕ್ಕಸಾಲಿಗನ ಮೂಸೆಯಲ್ಲಿ ಕರಗಿದ ನಾಣ್ಯದಿಂದ ಚಿನ್ನವೇನೋ ಉಳಿಯುತ್ತದೆ. ಆ ಊರಿನ ಇತಿಹಾಸದ ಒಂದು ಪುಟ ಮಾತ್ರ ಮತ್ತೆ ಬಾರದಂತೆ ಅಳಿಸಿಹೋಗುತ್ತದೆ.