ಕೇರಿ ತೂರಿದ ಮಾತೇ ಗಟ್ಟಿ ಕಾಳು



ಒಕ್ಕಣೆಯಾದೊಡನೆ ರಾಶಿಯನ್ನು ಹಾಗೆಯೇ ಚೀಲಕ್ಕೆ ತುಂಬುವವರಿಲ್ಲ. ಗಾಳಿ ನೋಡಿ ತೂರುತ್ತೀರಿ, ಮೊರದಲ್ಲಿ ಕೇರುತ್ತೀರಿ. ವಿದ್ಯೆಯ ಕಣದಲ್ಲಿಯೂ ಇದೇ ಕೆಲಸ ನಡೆಯಬೇಕೆಂದು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯವು 1894ರಲ್ಲಿಯೇ ಸಾರಿತು. ಅರ್ಥಶಾಸ್ತ್ರದ ಪ್ರಾಧ್ಯಾಪಕ ರಿಚರ್ಡ್ ಈಲಿಯವರು ಮುಷ್ಕರಗಳಿಗೆ ಬೆಂಬಲ ಕೊಟ್ಟರೆಂದು ದೂರು ಬಂದಿತ್ತು. ಆಡಳಿತ ಮಂಡಳಿಯು ವಿಚಾರಣೆ ನಡೆಸಿ ಅವರನ್ನು ದೋಷಮುಕ್ತರೆಂದು ಸಾರಿತು. ಸತ್ಯ ದೊರೆಯಬೇಕಾದರೆ ನಿರ್ಭಯವಾಗಿ ಕೇರಿ ತೂರುವುದು ನಿಲ್ಲಕೂಡದು ಎಂಬುದು ಅದರ ತೀರ್ಮಾನ.

ರೈತರಿಗೆ ಇದರಿಂದ ಏನು?

ನಮ್ಮ ಕೃಷಿ ವಿಶ್ವವಿದ್ಯಾನಿಲಯಗಳಿಗೆ ಅಮೆರಿಕದ 'ಲ್ಯಾಂಡ್ ಗ್ರಾಂಟ್' ವಿದ್ಯಾಸಂಸ್ಥೆಗಳೇ ಮಾದರಿ. ವಿಸ್ಕಾನ್ಸಿನ್ ಅವುಗಳಲ್ಲಿ ಒಂದು. ಹಾಲಿನ ಕೊಬ್ಬಿನಂಶವನ್ನು ಅಳೆಯುವ ಸುಲಭ ವಿಧಾನವನ್ನು 1890ರಲ್ಲಿ ಅಲ್ಲಿಯೇ ಸ್ಟೀಫನ್ ಬ್ಯಾಬ್‌ಕಾಕ್ ರೂಪಿಸಿದರು. ಅದಕ್ಕೆ ಪೇಟೆಂಟ್ ಪಡೆಯದೆ ಎಲ್ಲರಿಗೂ ಬಿಟ್ಟುಕೊಟ್ಟರು. ಗಟ್ಟಿ ಹಾಲಿಗೂ ನೀರು ಬೆರೆತ ಹಾಲಿಗೂ ಒಂದೇ ಬೆಲೆ ಎಂಬ ಅನ್ಯಾಯ ಇದರಿಂದ ತಪ್ಪಿತು.

ಅಧ್ಯಾಪಕರ ಸೆನೆಟ್

ಹಾಲಿನ ಸಂಘಕ್ಕೆ ನೀವು ನಿರ್ದೇಶಕರನ್ನು ಆರಿಸುವಂತೆ, ಅಲ್ಲಿನ ವಿಭಾಗಗಳು ಸೆನೆಟ್ ಸಭೆಗೆ ಪ್ರತಿನಿಧಿಗಳನ್ನು ಆರಿಸುತ್ತವೆ. ಪಠ್ಯಕ್ರಮ, ಪದವಿಯ ಮಟ್ಟ ಮುಂತಾದ ವಿಷಯಗಳು ಅಲ್ಲಿ ಚರ್ಚೆಗೆ ಬರುತ್ತವೆ. ಅಧ್ಯಾಪಕರನ್ನು ಕಾಯಂ ಮಾಡುವಾಗ ಮೊದಲು ವಿಭಾಗದವರು ಪರಿಶೀಲಿಸುತ್ತಾರೆ. ಬಳಿಕ ಅಧ್ಯಾಪಕರದೇ ಆದ ನಾಲ್ಕು ಸಮಿತಿಗಳ ಪೈಕಿ ಸಂಬಂಧಪಟ್ಟ ಸಮಿತಿ ಸಲಹೆ ನೀಡುತ್ತದೆ. ವಿದ್ಯೆಯನ್ನು ಬಲ್ಲವರೇ ವಿದ್ಯೆಯನ್ನು ತೂಗಬೇಕೆಂಬುದು ಇದರ ತತ್ತ್ವ.

ಈ ವ್ಯವಸ್ಥೆಗೂ ಕಾವಲು ಬೇಕು. ಆಡಳಿತದಲ್ಲಿ ಅಧ್ಯಾಪಕರ ಪಾಲು 1974ರಿಂದ ರಾಜ್ಯದ ಕಾನೂನಿನಲ್ಲಿಯೇ ಇತ್ತು. 2015ರಲ್ಲಿ ಆ ಕಾನೂನನ್ನು ತಿದ್ದಿ, ಅವರ ಪಾತ್ರವನ್ನು ಮುಖ್ಯವಾಗಿ ಸಲಹೆ ಕೊಡುವುದಕ್ಕೆ ಇಳಿಸಲಾಯಿತು. ಕಾಯಂ ಹುದ್ದೆಯ ರಕ್ಷಣೆಯನ್ನು ಕಾನೂನಿನಿಂದ ತೆಗೆದು ಆಡಳಿತ ಮಂಡಳಿಯ ನಿಯಮಗಳಿಗೆ ಬಿಡಲಾಯಿತು. ಅಧ್ಯಾಪಕರು ಬಲವಾಗಿ ಪ್ರತಿಭಟಿಸಿದರು. ಸೆನೆಟ್ ಈಗಲೂ ಸೇರುತ್ತದೆ. ಆದರೆ ಕಾನೂನಿನ ಬೇಲಿ ಮೊದಲಿನಷ್ಟು ಗಟ್ಟಿಯಾಗಿಲ್ಲ.

ನೀವು ಏನು ಮಾಡಬಹುದು?

"ಈ ಗೊಬ್ಬರ ನಿಮ್ಮ ಮಣ್ಣಿಗೆ ಬೇಡ" ಎಂದು ಹೇಳುವ ವಿಜ್ಞಾನಿಗೆ ಕೆಲಸದ ಭಯವಿದ್ದರೆ ಆತ ಸುಮ್ಮನಾಗುತ್ತಾನೆ. ನಷ್ಟ ನಿಮ್ಮ ಹೊಲಕ್ಕೆ. ಆದುದರಿಂದ ನಮ್ಮ ಶಿಫಾರಸುಗಳನ್ನು ಕಣ್ಣುಮುಚ್ಚಿ ಒಪ್ಪಬೇಡಿ. ಎಷ್ಟು ಹಂಗಾಮು ಪರೀಕ್ಷಿಸಿದಿರಿ, ಯಾವ ಮಣ್ಣಿನಲ್ಲಿ, ಒಪ್ಪದ ವಿಜ್ಞಾನಿಗಳು ಏನೆಂದರು ಎಂದು ಕೇಳಿರಿ. ಉತ್ತರ ಕೊಡುವುದು ನಮ್ಮ ಕರ್ತವ್ಯ. ಮೊರ ನಿಮ್ಮ ಕೈಯಲ್ಲಿಯೂ ಇರಲಿ.