ಒಡೆದ ಬಳೆ, ಬಣ್ಣ, ರಾಳ: ಹಲಗೆ ಮೇಲೊಂದು ಬೇಸಿಗೆ ಕೆರೆ

ಬೇಸಿಗೆ ಬಂತು. ಕೆರೆಯ ನೀರು ಇಳಿಯಿತು. ಅಂಚಿನ ಮಣ್ಣು ಒಣಗಿ ಬಿರುಕು ಬಿಟ್ಟಿತು. ನಡುವೆ ಒಂದಿಷ್ಟು ನೀರು ಉಳಿಯಿತು. ಏರಿ ಮೇಲಿನ ಗುಲ್‌ಮೊಹರ್ ಮರ ಮಾತ್ರ ಇದೇ ಹೊತ್ತಿಗೆ ಕೆಂಪಗೆ ಹೂ ಬಿಟ್ಟಿತು. ಮೇ ಹೂವಿನ ಮರ ಅಂತಾರಲ್ಲ, ಅದೇ. ಈ ನೋಟವನ್ನು ನಾವೆಲ್ಲ ನೋಡಿದ್ದೇವೆ.

ಈ ನೋಟವನ್ನು ಒಂದು ಹಲಗೆ ಮೇಲೆ ತರೋಣ. ಬೇಕಾದದ್ದು ಮೂರು ವಸ್ತು: ಬಣ್ಣ, ಗಾಜು, ರಾಳ. ಪೇಟೆಯಲ್ಲಿ ಇದನ್ನು ರೆಸಿನ್ ಕಲೆ ಅಂತಾರೆ. ಅಂಗಡಿಗಳಲ್ಲಿ, ಮೇಳಗಳಲ್ಲಿ ಇಂಥ ಹಲಗೆಗಳನ್ನು ಮಾರುತ್ತಾರೆ. ನೋಡಲು ಚೆಂದ. ಮಾಡಲೂ ಕಷ್ಟ ಇಲ್ಲ. ಆದರೆ ಇದರಲ್ಲಿ ರಾಸಾಯನಿಕ ಇದೆ. ಡಬ್ಬಿ ಮೇಲೆ ಬರೆದಿದ್ದನ್ನು ಓದದೆ ಕೈ ಹಾಕಿದರೆ ಹಲಗೆಯೂ ಕೆಡುತ್ತೆ, ಕೈಯೂ ಕೆಡುತ್ತೆ.

ರಾಳ ಅಂದರೆ ಏನು?

ರಾಳ ನಮಗೆ ಹೊಸದಲ್ಲ. ಮರದ ತೊಗಟೆಗೆ ಗಾಯವಾದರೆ ಅಂಟು ಒಸರುತ್ತೆ. ಅದು ಗಾಳಿಗೆ ಗಟ್ಟಿಯಾಗುತ್ತೆ. ಅಂಥ ಕೆಲವು ಅಂಟುಗಳೇ ರಾಳ. ಅರಗು ಕೂಡ ಒಂದು ರಾಳ. ಅದನ್ನು ಕೊಡುವುದು ಮರ ಅಲ್ಲ, ಮರದ ಕೊಂಬೆ ಮೇಲೆ ಕೂರುವ ಸಣ್ಣ ಹುಳು. ಅಕ್ಕಸಾಲಿಗರು ಪೊಳ್ಳು ಒಡವೆಯ ಒಳಗೆ ಅರಗು ತುಂಬುತ್ತಾರೆ. ಚನ್ನಪಟ್ಟಣದ ಬೊಂಬೆಗಳ ಹೊಳಪು ಕೂಡ ಅರಗಿನದೇ. ಮರವನ್ನು ಚರಕಿಯಲ್ಲಿ ತಿರುಗಿಸುತ್ತಾ ಬಣ್ಣದ ಅರಗನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತೆ.

ಈಗ ಅಂಗಡಿಯಲ್ಲಿ ಸಿಗುವ ರಾಳ ಬೇರೆ. ಇದರ ಹೆಸರು ಎಪಾಕ್ಸಿ. ಇದನ್ನು ಕಾರ್ಖಾನೆಯಲ್ಲಿ ಮಾಡುತ್ತಾರೆ. 1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನಲ್ಲೂ ಅಮೆರಿಕದಲ್ಲೂ ಇದನ್ನು ಕಂಡುಹಿಡಿದರು. ಅರಾಲ್ಡೈಟ್ ಅನ್ನುವ ಎರಡು ಟ್ಯೂಬಿನ ಅಂಟು ಗೊತ್ತಲ್ಲ? ಅದು ಇದೇ ಜಾತಿಯದು. ಅಲ್ಲಿ ಎರಡು ಟ್ಯೂಬು, ಇಲ್ಲಿ ಎರಡು ಬಾಟಲಿ. ಒಂದರಲ್ಲಿ ರಾಳ. ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ದ್ರವ. ಅದಕ್ಕೆ ಹಾರ್ಡನರ್ ಅಂತಾರೆ. ಬೇರೆ ಬೇರೆ ಇದ್ದಾಗ ಎರಡೂ ನೀರಾಗಿಯೇ ಇರುತ್ತವೆ. ಕೂಡಿಸಿದರೆ ಕಲ್ಲಿನ ಹಾಗೆ ಗಟ್ಟಿ, ಗಾಜಿನ ಹಾಗೆ ತಿಳಿ.

ಹೆಪ್ಪಿನ ಲೆಕ್ಕ ಇಲ್ಲಿ ನಡೆಯೋದಿಲ್ಲ

ಹಾಲಿಗೆ ಹೆಪ್ಪು ಹಾಕುವಾಗ ನಾವು ಅಳೆಯುತ್ತೇವಾ? ಇಲ್ಲ. ಒಂದು ಚಮಚ ಹೆಚ್ಚಾದರೆ ಮೊಸರು ಸ್ವಲ್ಪ ಬೇಗ ಆಗುತ್ತೆ, ಅಷ್ಟೇ. ರಾಳದಲ್ಲಿ ಹಾಗಿಲ್ಲ. ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಹೆಚ್ಚು ಹಾಕಿದರೆ ಅದು ಸರಿಯಾಗಿ ಗಟ್ಟಿಯಾಗುವುದೇ ಇಲ್ಲ. ವಾರ ಕಳೆದರೂ ಅಂಟು ಅಂಟು ಇರುತ್ತೆ.

ಯಾಕೆ ಹೀಗೆ? ಕೋಲಾಟ ನೆನಪು ಮಾಡಿಕೊಳ್ಳಿ. ಪ್ರತಿಯೊಬ್ಬರಿಗೂ ಎದುರಿಗೆ ಒಬ್ಬ ಜೊತೆಗಾತಿ ಬೇಕು. ಜೊತೆ ಸಿಗದವಳು ಕೋಲು ಹಿಡಿದು ಸುಮ್ಮನೆ ನಿಲ್ಲಬೇಕು. ರಾಳದ ಕಣಗಳೂ ಹಾರ್ಡನರ್ ಕಣಗಳೂ ಹೀಗೇ ಜೊತೆ ಕಟ್ಟುತ್ತವೆ. ಯಾವುದು ಹೆಚ್ಚಾದರೂ ಅಷ್ಟು ಕಣ ಜೊತೆ ಇಲ್ಲದೆ ಉಳಿಯುತ್ತೆ. ಆ ಉಳಿದದ್ದೇ ಅಂಟು.

ಆದ್ದರಿಂದ ಬಾಟಲಿ ಮೇಲಿನ ಅಂಕಿ ಓದಬೇಕು. 2 : 1 ಅಂತ ಇದ್ದರೆ ರಾಳ ಎರಡು ಪಾಲು, ಹಾರ್ಡನರ್ ಒಂದು ಪಾಲು. ಕೆಲವದರಲ್ಲಿ 1 : 1 ಇರುತ್ತೆ, ಕೆಲವದರಲ್ಲಿ 3 : 1. ಒಂದು ಕಂಪನಿಯ ಲೆಕ್ಕ ಇನ್ನೊಂದಕ್ಕೆ ಬರೋದಿಲ್ಲ. ಇನ್ನೂ ಒಂದು ಕೇಳಿಕೊಳ್ಳಿ: ಈ ಪಾಲು ತೂಕದ್ದೋ, ಅಳತೆಯದೋ? ತೂಕದ್ದಾದರೆ ತಕ್ಕಡಿ ಬೇಕು. ಅಳತೆಯದಾದರೆ ಗೆರೆ ಇರುವ ಲೋಟ ಬೇಕು. ಬಾಟಲಿ ಮೇಲೆ ಇಂಗ್ಲಿಷ್ ಮಾತ್ರ ಇದ್ದರೆ ಅಂಗಡಿಯವರ ಹತ್ತಿರ ಓದಿಸಿ, ನಿಮ್ಮ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳಿ.

ಎಷ್ಟು ರಾಳ ಬೇಕು? ಹಲಗೆಯ ಉದ್ದ 30 ಸೆಂಟಿಮೀಟರ್. ಅಗಲವೂ 30 ಸೆಂಟಿಮೀಟರ್. ರಾಳ 3 ಮಿಲಿಮೀಟರ್ ದಪ್ಪ ನಿಲ್ಲಬೇಕು. ಆಗ 270 ಮಿಲಿಲೀಟರ್ ಬೇಕು. ಅಳತೆಯ ಪಾಲು 2 : 1 ಆದರೆ ರಾಳ 180, ಹಾರ್ಡನರ್ 90.

ಬಳೆ ಚೂರು

ಗಾಜನ್ನು ದುಡ್ಡು ಕೊಟ್ಟು ತರಬೇಕಾಗಿಲ್ಲ. ಮನೆಯಲ್ಲಿ ಬಳೆ ಚೂರು ಇದ್ದೇ ಇರುತ್ತೆ. ಬಳೆ ಒಡೆಯಿತು ಅನ್ನಬಾರದು, ಹೆಚ್ಚಿತು ಅನ್ನಬೇಕು ಅಂತ ಹಿರಿಯರು ಹೇಳುತ್ತಾರೆ. ಹೆಚ್ಚಿದ ಬಳೆಯನ್ನೆಲ್ಲ ಒಂದು ಡಬ್ಬಿಗೆ ಹಾಕಿ ಇಡಿ. ಬಳೆ ಅಂಗಡಿಯಲ್ಲೂ ಕೇಳಿ. ಆಗ್ರಾ ಪಕ್ಕದ ಫಿರೋಜಾಬಾದಿನಿಂದ ನಮ್ಮ ಅಂಗಡಿಗೆ ಬರುವಷ್ಟರಲ್ಲಿ ದಾರಿಯಲ್ಲೇ ಎಷ್ಟೋ ಬಳೆ ಹೆಚ್ಚಿರುತ್ತವೆ.

ಚೂರನ್ನು ಸೋಪಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಎಣ್ಣೆ ಜಿಡ್ಡು ಇದ್ದರೆ ರಾಳ ಹಿಡಿಯೋದಿಲ್ಲ. ದೊಡ್ಡ ಚೂರನ್ನು ಚಿಕ್ಕದು ಮಾಡಬೇಕೇ? ದಪ್ಪ ಬಟ್ಟೆಯಲ್ಲಿ ಸುತ್ತಿ ಮೆಲ್ಲಗೆ ಕುಟ್ಟಿ. ಕಣ್ಣಿಗೆ ಕನ್ನಡಕ ಇರಲಿ. ಕೂತ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿಯೇ ಏಳಿ. ಬರಿಗಾಲಲ್ಲಿ ಓಡಾಡುವ ಮಕ್ಕಳು ಇರುವ ಮನೆ ಇದು.

ಚಿತ್ರ ಬರೆಯೋಣ

ಪ್ಲೈವುಡ್ ಹಲಗೆ ತಗೊಳ್ಳಿ. ಸುತ್ತಲೂ ಅರ್ಧ ಇಂಚು ಎತ್ತರದ ಮರದ ಪಟ್ಟಿ ಹೊಡೆಸಿ. ಸಂದು ಇದ್ದರೆ ಮುಚ್ಚಿ. ಇಲ್ಲದಿದ್ದರೆ ರಾಳ ಸೋರುತ್ತೆ. ಬಣ್ಣ ನೀರಿನಲ್ಲಿ ಕಲಸುವ ಅಕ್ರಿಲಿಕ್ ಆಗಿರಲಿ. ಅದು ಒಣಗಿದ ಮೇಲೆ ಕದಡೋದಿಲ್ಲ.

ಮೊದಲು ಇಡೀ ಹಲಗೆಗೆ ಕೆಮ್ಮಣ್ಣಿನ ಬಣ್ಣ. ಮೇಲಿನ ಕಾಲು ಭಾಗಕ್ಕೆ ಮಾಸಲು ಹಳದಿ. ಬೇಸಿಗೆ ಮಧ್ಯಾಹ್ನದ ಆಕಾಶ ನೀಲಿ ಇರೋದಿಲ್ಲ, ನೋಡಿ. ನಡುವೆ ನೀರಿನ ಗುಂಡಿ. ಗುಂಡಿಯ ಮಧ್ಯಕ್ಕೆ ಕಡು ನೀಲಿ, ಅಂಚಿಗೆ ಬರುತ್ತಾ ತಿಳಿ ಹಸಿರು, ಕೊನೆಗೆ ಮಣ್ಣಿನ ಬಣ್ಣ. ಹೀಗೆ ಬಳಿದರೆ ಮೇಲೆ ರಾಳ ನಿಂತಾಗ ನೀರು ನಿಜಕ್ಕೂ ಆಳ ಇದ್ದ ಹಾಗೆ ಕಾಣುತ್ತೆ. ಗುಂಡಿಯ ಸುತ್ತ ಸಣ್ಣ ಕುಂಚದಿಂದ ಕಪ್ಪು ಬಿರುಕು ಎಳೆಯಿರಿ. ನೀರಿನ ಹತ್ತಿರ ಬಿರುಕು ಸಣ್ಣ, ದೂರ ಹೋದಂತೆ ಅಗಲ. ಇಷ್ಟು ಸಾಕು. ಬಣ್ಣ ಒಂದು ದಿನ ಒಣಗಲಿ.

ಆಮೇಲೆ ಬಳೆ ಚೂರು. ಗುಲ್‌ಮೊಹರ್ ಹೂವಿಗೆ ಕೆಂಪು ಮತ್ತು ಕಿತ್ತಳೆ, ನೀರಿನ ಅಲೆಗೆ ನೀಲಿ. ಬಳೆಯ ಬಾಗು ಅಲೆಗೆ ಹೇಳಿ ಮಾಡಿಸಿದ ಹಾಗಿದೆ. ಹಸಿರು ಚೂರು ಕಡಿಮೆ ಇರಲಿ. ಹೂ ಬಿಟ್ಟ ಮರದಲ್ಲಿ ಎಲೆ ಎಲ್ಲಿ ಕಾಣುತ್ತೆ? ಫೆವಿಕಾಲ್‌ನಿಂದ ಅಂಟಿಸಿ, ಅದು ಪೂರ್ತಿ ಒಣಗಲು ಬಿಡಿ. ಒಳಗೆ ನೀರಿನ ಪಸೆ ಉಳಿದರೆ ರಾಳದ ಕೆಳಗೆ ಬಿಳಿಚಿಕೊಳ್ಳುತ್ತೆ.

ರಾಳ ಸುರಿಯುವಾಗ

ಹೊತ್ತು ನೋಡಿ ಕೂರಬೇಕು. ಬಿಸಿಲು ಹೆಚ್ಚಾದಷ್ಟೂ ರಾಳ ಬೇಗ ಗಟ್ಟಿಯಾಗುತ್ತೆ. ತಂಪಿನಲ್ಲಿ ಅರ್ಧ ಗಂಟೆ ಕೆಲಸಕ್ಕೆ ಬರುವ ರಾಳ ಬೇಸಿಗೆ ಮಧ್ಯಾಹ್ನ ಕಾಲು ಗಂಟೆಯೂ ಬರೋದಿಲ್ಲ. ಬೆಳಗಿನ ತಂಪಿನಲ್ಲಿ ಮಾಡಿ. ಮಳೆಗಾಲದ ತೇವವೂ ಒಳ್ಳೆಯದಲ್ಲ, ಮೇಲೆ ಮಂಜು ಕಟ್ಟಿದ ಹಾಗಾಗುತ್ತೆ.

ಹಲಗೆ ಸಮಮಟ್ಟ ಇರಬೇಕು. ಒಂದು ಗೋಲಿ ಇಟ್ಟು ನೋಡಿ, ಉರುಳಿದರೆ ಸರಿಮಾಡಿ. ರಾಳ, ಹಾರ್ಡನರ್ ಎರಡನ್ನೂ ಒಂದು ಲೋಟಕ್ಕೆ ಹಾಕಿ ಮೂರರಿಂದ ಐದು ನಿಮಿಷ ನಿಧಾನವಾಗಿ ಕಲಕಿ. ಜೋರಾಗಿ ಕಲಕಿದರೆ ಗುಳ್ಳೆ ಏಳುತ್ತೆ. ತಳ, ಬದಿ ಎಲ್ಲ ಕೆರೆಯಬೇಕು. ಆಮೇಲೆ ಇನ್ನೊಂದು ಲೋಟಕ್ಕೆ ಬಗ್ಗಿಸಿ ಮತ್ತೊಮ್ಮೆ ಕಲಕಿ. ಮೊದಲ ಲೋಟದ ಗೋಡೆಗೆ ಕೂಡದ ರಾಳ ಅಂಟಿರುತ್ತೆ. ಅದಕ್ಕೆ ಈ ಉಪಾಯ.

ಮೊದಲು ಗಾಜಿನ ಮೇಲೆ ತೆಳ್ಳಗೆ ಸವರಿ, ಆಮೇಲೆ ಸುರಿಯಿರಿ. ಗುಳ್ಳೆ ಬಂದರೆ ಕಡ್ಡಿಯಿಂದ ಚುಚ್ಚಿ. ಧೂಳು ಬೀಳದ ಹಾಗೆ ರಟ್ಟಿನ ಪೆಟ್ಟಿಗೆ ಮುಚ್ಚಿ. ಒಂದು ದಿನ ಮುಟ್ಟಬೇಡಿ. ಪೂರ್ತಿ ಗಟ್ಟಿಯಾಗಲು ಮೂರು ದಿನದಿಂದ ಒಂದು ವಾರ ಬೇಕು.

ಲೋಟದಲ್ಲಿ ಹೆಚ್ಚು ರಾಳ ಹಾಗೇ ಉಳಿದರೆ ಅದು ತಾನಾಗಿಯೇ ಕಾದು ಹೊಗೆಯಾಡಬಹುದು. ಹೆದರಬೇಡಿ, ಮುಟ್ಟಲೂ ಬೇಡಿ. ಬಯಲಿನಲ್ಲಿ ಮಣ್ಣಿನ ಮೇಲೆ ಇಡಬೇಕು. ಅದಕ್ಕೇ ಬೇಕಾದಷ್ಟೇ ಕಲಸಿ.

ನಮ್ಮ ಕೈ, ನಮ್ಮ ಉಸಿರು

ಬಾಟಲಿ ಮೇಲೆ ಕೆಂಪು ಗೆರೆಯ ಚೌಕಗಳು ಇರುತ್ತವೆ. ಚೌಕ ಮೂಲೆಯ ಮೇಲೆ ನಿಂತ ಹಾಗಿರುತ್ತೆ. ಒಳಗೆ ಚಿತ್ರ ಇರುತ್ತೆ. ಓದಲು ಬಾರದವರಿಗೂ ತಿಳಿಯಲಿ ಅಂತ ಮಾಡಿದ ಚಿತ್ರಗಳು ಇವು. ಕೈ ಮೇಲೆ ಹನಿ ಬಿದ್ದ ಚಿತ್ರ ಇದ್ದರೆ ಚರ್ಮ ಸುಡುತ್ತೆ ಅಂತ. ಸತ್ತ ಮೀನು, ಒಣಮರ ಇದ್ದರೆ ನೀರಿಗೆ ವಿಷ ಅಂತ. ಬರೀ ಆಶ್ಚರ್ಯ ಚಿಹ್ನೆ ಇದ್ದರೆ ತುರಿಕೆ, ಉರಿ, ಅಲರ್ಜಿ ಬರಬಹುದು ಅಂತ.

ಈ ಅಲರ್ಜಿ ಮೋಸದ್ದು. ಮೊದಲ ದಿನ ಏನೂ ಆಗೋದಿಲ್ಲ. ಹತ್ತು ಹಲಗೆ ಮಾಡುವವರೆಗೂ ಏನೂ ಆಗದೆ ಇರಬಹುದು. ನನ್ನ ಕೈಗೆ ಇದು ಒಗ್ಗಿದೆ ಅನ್ನಿಸುತ್ತೆ. ಆಮೇಲೆ ಒಂದು ದಿನ ಕೈ ಕೆಂಪಾಗಿ ಗುಳ್ಳೆ ಏಳುತ್ತೆ. ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನ ಪೂರ್ತಿ ಇರುತ್ತೆ. ಆಮೇಲೆ ಒಂದು ಹನಿ ತಾಗಿದರೂ ಸಾಕು. ರಾಳದ ಕೆಲಸವನ್ನೇ ಬಿಡಬೇಕಾಗುತ್ತೆ.

ನೈಟ್ರೈಲ್ ಗ್ಲೌಸ್ ಹಾಕಿ. ತುಂಬು ತೋಳಿನ ಅಂಗಿ ಹಾಕಿ. ಸೆರಗನ್ನು ಮೂಗಿಗೆ ಕಟ್ಟಿಕೊಂಡರೆ ಆವಿ ನಿಲ್ಲೋದಿಲ್ಲ. ಬಟ್ಟೆ ಮಾಸ್ಕಿಗೂ ನಿಲ್ಲೋದಿಲ್ಲ. ಇದ್ದಿಲಿನ ಡಬ್ಬಿ ಇರುವ ಮಾಸ್ಕ್ ಬೇಕು. ಕಿಟಕಿ ಬಾಗಿಲು ತೆಗೆದಿರಲಿ. ಅಡುಗೆ ಮನೆಯಲ್ಲಿ ಬೇಡ. ಬಸುರಿಯರು, ಉಬ್ಬಸ ಇರುವವರು ಈ ಕೆಲಸಕ್ಕೆ ಕೂರಬೇಡಿ. ಮೈಗೆ ತಾಗಿದರೆ ಸೋಪು ನೀರಿನಲ್ಲಿ ತೊಳೆಯಿರಿ. ತಿನ್ನರ್ ಹಚ್ಚಬೇಡಿ, ಅದು ರಾಳವನ್ನು ಚರ್ಮದ ಒಳಕ್ಕೇ ಇಳಿಸುತ್ತೆ. ಕಣ್ಣಿಗೆ ಬಿದ್ದರೆ ಕಾಲು ಗಂಟೆ ನೀರು ಹಾಯಿಸಿ, ಬಾಟಲಿಯನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ.

ಉಳಿದ ರಾಳವನ್ನು ಮೋರಿಗೆ ಚೆಲ್ಲಬೇಡಿ. ಮೋರಿ ನೀರು ಕೆರೆಗೇ ಹೋಗುತ್ತೆ. ಲೋಟದಲ್ಲೇ ಗಟ್ಟಿಯಾಗಲು ಬಿಟ್ಟು ಕಸದ ಗಾಡಿಗೆ ಹಾಕಿ.

ಬೆಲೆ ಹೇಗೆ ಹೇಳೋದು?

ಒಂದು ಲೆಕ್ಕ ಹಾಕಿ ನೋಡೋಣ. 750 ಮಿಲಿ ರಾಳದ ಜೋಡಿಗೆ 900 ರೂಪಾಯಿ ಅಂತ ಇಟ್ಟುಕೊಳ್ಳಿ. 270 ಮಿಲಿಗೆ 324 ರೂಪಾಯಿ ಆಯಿತು. ಹಲಗೆ 100. ಬಣ್ಣ, ಅಂಟು 40. ಗ್ಲೌಸ್, ಲೋಟ 36. ಒಟ್ಟು 500 ರೂಪಾಯಿ. ನಿಮ್ಮೂರಿನ ಬೆಲೆ ಬೇರೆ ಇದ್ದರೆ ಅದನ್ನೇ ಬರೆದುಕೊಳ್ಳಿ.

ಕೈಕೆಲಸಕ್ಕೆ ಆರು ಗಂಟೆ ಹಿಡಿಯಿತು. ಯಾರೋ ಬಂದು 600 ರೂಪಾಯಿಗೆ ಕೊಡಿ ಅಂತಾರೆ. 500 ಖರ್ಚಿಗೆ 600 ಬಂದರೆ ಲಾಭವೇ ತಾನೇ ಅನ್ನಿಸಬಹುದು. ಆದರೆ ಆರು ಗಂಟೆಯ ಕೂಲಿ 100 ರೂಪಾಯಿ, ಅಂದರೆ ಗಂಟೆಗೆ 17 ರೂಪಾಯಿಯೂ ಇಲ್ಲ. ಗಂಟೆಗೆ 60 ರೂಪಾಯಿ ಹಿಡಿದರೂ ಬೆಲೆ 860 ಆಗಬೇಕು. ಮಾಸ್ಕಿನ ಇದ್ದಿಲ ಡಬ್ಬಿಯನ್ನು ಆಗಾಗ ಬದಲಿಸಬೇಕು. ಅದರ ದುಡ್ಡೂ ಇದರಲ್ಲೇ ಬರಬೇಕು. ದುಡ್ಡು ಉಳಿಸಲು ಜನ ಮೊದಲು ಬಿಡುವುದು ಮಾಸ್ಕನ್ನೇ, ನಮಗೆ ಅದೇ ಚಿಂತೆ.

ಮುಗಿದ ಹಲಗೆಯನ್ನು ನೆರಳಿನ ಗೋಡೆಗೆ ತೂಗು ಹಾಕಿ. ನೇರ ಬಿಸಿಲು ಬಿದ್ದರೆ ರಾಳ ಬರಬರುತ್ತಾ ಹಳದಿಯಾಗುತ್ತೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಅದರ ಮೇಲೆ ಬಿಸಿ ಪಾತ್ರೆ ಇಡಬಾರದು, ಊಟದ ಪದಾರ್ಥವನ್ನೂ ಇಡಬಾರದು. ಕೊಂಡವರಿಗೆ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು, ಹಲಗೆಯ ಹಿಂದೆ ಅಂಟಿಸಿ ಕೊಡಿ.