ಬಿಳಿ ಎತ್ತು ಮೇವು ಬಿಟ್ಟಾಗ

1971ರ ಡಿಸೆಂಬರ್. ನವಲಗುಂದ ತಾಲ್ಲೂಕಿನ ನಮ್ಮೂರಿನ ಎರೆಹೊಲಗಳಲ್ಲಿ ಹಿಂಗಾರಿ ಜೋಳ ತೆನೆ ಹಿಡಿದಿತ್ತು. ಗಡಿಯಲ್ಲಿ ಪಾಕಿಸ್ತಾನದೊಡನೆ ಯುದ್ಧ ನಡೆದಿತ್ತು. ಹನ್ನೊಂದು ವರ್ಷದ ನಾನು ನೆರೆಮನೆಯ ಕಾಕೂನ ಪತ್ರಗಳನ್ನು ಬರೆದುಕೊಡುತ್ತಿದ್ದೆ. ಮದುವೆಯಾದ ಆರೇ ತಿಂಗಳಿಗೆ ಆಕೆಯ ಪತಿ ಸೇನೆಗೆ ಮರಳಿದ್ದರು. ಆಕೆಗೆ ಅಕ್ಷರ ಬರುತ್ತಿರಲಿಲ್ಲ. ವಿಳಾಸದಲ್ಲಿ ಊರಿನ ಹೆಸರಿಲ್ಲ. ಸೈನಿಕನ ಸಂಖ್ಯೆ, ಹೆಸರು, ಘಟಕ, ಕೊನೆಗೆ ‘56 ಎ.ಪಿ.ಒ.’ ಎಂಬ ಸೇನಾ ಅಂಚೆಯ ಗುರುತು, ಅಷ್ಟೆ.

ಪಕ್ಕದಲ್ಲಿ ಅತ್ತೆ ಜೋಳ ಹಸನು ಮಾಡುತ್ತ ಕುಳಿತಿರುತ್ತಿದ್ದರು. ಕಾಕೂ ಹೇಳುತ್ತಿದ್ದುದು ಮಳೆ, ಬೆಳೆ, ದನಕರುಗಳ ಸುದ್ದಿ. ಒಮ್ಮೆ, “ಬಿಳಿ ಎತ್ತು ಮೇವು ಬಿಟ್ಟೈತಿ, ಲಗೂನ ಬರ್ರಿ ಅಂತ ಬರಿ” ಎಂದರು. “ಎತ್ತು ಆರಾಮ ಐತಲ್ಲ ಕಾಕೂ, ಈಗ ನೋಡಿ ಬಂದೆ” ಎಂದೆ. “ಹೇಳಿದಷ್ಟು ಬರಿಯೋ” ಎಂದು ಗದರಿದರು.

ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕ್ ಸೇನೆ ಶರಣಾಯಿತು. ಕಾಕಾ ಕ್ಷೇಮವಾಗಿ ಮರಳಿದರು. ನಿವೃತ್ತರಾಗಿ ಹೊಲ ಮಾಡಿಕೊಂಡಿದ್ದರು. ಅವರು ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಆ ಪತ್ರಗಳೆಲ್ಲ ದೊರೆತವು. ಸಾಕ್ಷರತಾ ಆಂದೋಲನದಲ್ಲಿ ಓದು ಕಲಿತಿದ್ದ ಕಾಕೂ ಅವನ್ನು ತಾವೇ ಓದಿ, “ಅಕ್ಷರ ನಿನ್ನವು, ಎತ್ತು ನಂದು” ಎಂದು ನಕ್ಕರು.

ಎಲ್ಲರಿಗೂ ಇಂತಹ ಮುಪ್ಪು ಒದಗುವುದಿಲ್ಲ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಹಿಮಪಾತದಲ್ಲಿ ಹೂತುಹೋದರು. ಆರು ದಿನಗಳ ಬಳಿಕ ಜೀವಂತವಾಗಿ ದೊರೆತರೂ 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದರು. ಹುತಾತ್ಮರ ಮೆರವಣಿಗೆ ಒಂದು ದಿನದ್ದು. ಹಿಂದುಳಿದವಳ ಬದುಕು ದಶಕಗಳದ್ದು.

ಆ ಬದುಕಿನ ಬಗ್ಗೆ ಸರಕಾರದ ಧೋರಣೆ ಬಹುಕಾಲ ವಿಚಿತ್ರವಾಗಿತ್ತು. ಶೌರ್ಯ ಪ್ರಶಸ್ತಿಯೊಡನೆ ಬರುವ ಮಾಸಿಕ ಭತ್ಯೆ, ವಿಧವೆ ಮರುಮದುವೆಯಾದರೆ ನಿಂತುಹೋಗುತ್ತಿತ್ತು. ಪತಿಯ ಸೋದರನನ್ನೇ ವರಿಸಿದರೆ ಮಾತ್ರ ಮುಂದುವರಿಯುತ್ತಿತ್ತು. ರಕ್ಷಣಾ ಸಚಿವಾಲಯ ಈ ಷರತ್ತನ್ನು ಕೈಬಿಟ್ಟಿದ್ದು 2017ರ ನವೆಂಬರ್‌ನಲ್ಲಿ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಹೇಳುವುದಾದರೆ, ಇಲ್ಲಿ ಪ್ರಶ್ನೆ ಮೊತ್ತದ್ದಲ್ಲ. ಹಣ ಮನೆತನದಿಂದ ಹೊರಹೋಗಬಾರದೆಂಬ ಲೆಕ್ಕದಲ್ಲಿ ಹೆಣ್ಣಿನ ಮನಸ್ಸನ್ನೂ ಸೇರಿಸಲಾಗಿತ್ತು. ಕಾಕೂನ ಪಕ್ಕದಲ್ಲಿ ಅತ್ತೆ ಕುಳಿತಿದ್ದಂತೆ, ಇವರ ಪಕ್ಕದಲ್ಲಿ ಸರಕಾರವೇ ಕುಳಿತಿತ್ತು.

ಷರತ್ತು ಹೋಗಿದೆ ಎಂಬುದು ನಮ್ಮ ಹಳ್ಳಿಗಳ ಎಷ್ಟು ಮನೆಗಳಿಗೆ ಗೊತ್ತಿದೆ? ಸೈನಿಕ ಕಲ್ಯಾಣ ಇಲಾಖೆಯವರು ಆ ಆದೇಶವನ್ನು ಸರಳ ಕನ್ನಡದಲ್ಲಿ ಬರೆಸಿ, ಮಾವನಿಗಲ್ಲ, ಆ ಹೆಣ್ಣುಮಗಳ ಹೆಸರಿಗೇ ಅಂಚೆಯಲ್ಲಿ ಕಳುಹಿಸಲಿ.